ಸರದಿ ತಪ್ಪಿಸಿ ಮುಂದೆ ನುಗ್ಗುವವರೂ ನಮ್ಮ ತಾಳ್ಮೆಯೂ

*ಇಂದಿನ ಧಮ್ಮ ಚಿಂತನೆ*

ಹೋದ ಭಾನುವಾರ ಅಧ್ಯಯನ ಮುಗಿದ ಮೇಲೆ ನಮ್ಮ ಬಳಗದ ಅಕ್ಕ ಒಬ್ಬರು ಒಂದು ಪ್ರಶ್ನೆ ಕೇಳಿದರು. ವಯಸ್ಸಾದ ಅತ್ತೆಯನ್ನು ಕರೆದುಕೊಂಡು ಅವರು ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದರು. ಗಾಜಿನ ಮನೆಯೊಳಗೆ ಹೋಗಲು ಉದ್ದನೆಯ ಸಾಲು. ಮುಕ್ಕಾಲು ಗಂಟೆ ನಿಂತು, ಇನ್ನೇನು ಬಾಗಿಲು ಹತ್ತಿರ ಬಂತು ಅನ್ನುವಾಗ ಐದಾರು ಜನ ಪಕ್ಕದಿಂದ ಬಂದು, ಹಗ್ಗದ ಕೆಳಗೆ ನುಸುಳಿ, ಇವರ ಮುಂದೆ ನಿಂತುಬಿಟ್ಟರು. ಅಕ್ಕ ಏನೂ ಅನ್ನಲಿಲ್ಲ. ಧಮ್ಮದ ದಾರಿಯಲ್ಲಿ ನಡೆಯುವವಳು ನಾನು, ಸಹಿಸಿಕೊಳ್ಳೋಣ ಎಂದು ಸುಮ್ಮನಾದರು. ಆಗ ಹಿಂದೆ ನಿಂತಿದ್ದ ಹಿರಿಯರೊಬ್ಬರು, "ನೀವೇನೋ ದೊಡ್ಡ ಮನಸ್ಸು ಮಾಡಿ ಬಿಟ್ಟಿರಿ ಕಣಮ್ಮ. ಆದ್ರೆ ನೀವು ಬಿಟ್ಟಿದ್ದು ನಮ್ಮ ಜಾಗಾನೂ" ಅಂದರಂತೆ.

ಅಕ್ಕನ ಪ್ರಶ್ನೆ ಇಷ್ಟೇ: "ನಾನು ಸುಮ್ಮನಿದ್ದದ್ದು ಖಂತಿಯೋ, ಅಂಜಿಕೆಯೋ?"

ಸಣ್ಣ ವಿಷಯ ಅನ್ನಿಸಬಹುದು. ಹೂವು ನೋಡಲು ಐದು ನಿಮಿಷ ತಡವಾದರೆ ಯಾರ ಗಂಟೇನೂ ಹೋಗುವುದಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಧಮ್ಮದ ಪರೀಕ್ಷೆ ನಡೆಯುವುದು ಇಂಥ ಕಡೆಯೇ. ಧ್ಯಾನಕ್ಕೆ ಕೂತಾಗ ಎಲ್ಲರ ಮೇಲೂ ಮೈತ್ರಿ ಹರಿಸುವುದು ಸುಲಭ. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾಲುನೋವಿನ ಜೊತೆ, ಕಣ್ಣೆದುರೇ ನುಗ್ಗಿದವನ ಬೆನ್ನು ನೋಡುತ್ತಾ ಮೈತ್ರಿ ಉಳಿಸಿಕೊಳ್ಳುವುದು ಸುಲಭವಲ್ಲ. ಹಾಗಾಗಿ ಇವತ್ತು ಈ ಪ್ರಶ್ನೆಯನ್ನೇ ಕೂತು ಯೋಚಿಸೋಣ.

*ಮೊದಲು ಒಳಗೆ ನೋಡೋಣ*

ಯಾರೋ ಮುಂದೆ ನುಗ್ಗಿದಾಗ ನಮಗೆ ಆಗುವ ನಷ್ಟ ಎಷ್ಟು? ಐದು ಜನ ಒಳಗೆ ಹೋಗಲು ಹಿಡಿಯುವ ಸಮಯ. ಅದೇ ಐದು ಜನ ನಮಗಿಂತ ಹತ್ತು ನಿಮಿಷ ಮೊದಲೇ ಬಂದು ಸಾಲಿನಲ್ಲಿ ನಿಂತಿದ್ದರೂ ಅಷ್ಟೇ ಸಮಯ ಹಿಡಿಯುತ್ತಿತ್ತು. ಆಗ ನಮಗೆ ಬೇಸರವೇ ಆಗುತ್ತಿರಲಿಲ್ಲ. ಅಂದಮೇಲೆ ಒಳಗೆ ಉರಿಯುತ್ತಿರುವುದು ಕಳೆದುಹೋದ ಸಮಯಕ್ಕಾಗಿ ಮಾತ್ರ ಅಲ್ಲ. "ನನ್ನನ್ನು ಲೆಕ್ಕಕ್ಕೇ ಇಡಲಿಲ್ಲವಲ್ಲ" ಎಂಬ ನೋವು ಅಲ್ಲಿದೆ. ಪಾಲಿಯಲ್ಲಿ ಇದಕ್ಕೆ 'ಮಾನ' ಎನ್ನುತ್ತಾರೆ. ನಾನು ಹೆಚ್ಚು, ನಾನು ಕಡಿಮೆ, ನಾನು ಸಮ ಎಂದು ಅಳೆಯುತ್ತಲೇ ಇರುವ ಮನಸ್ಸು ಅದು.

ಇದರ ಜೊತೆಗೆ ಇನ್ನೊಂದು ಭಾವವೂ ಇರುತ್ತದೆ: "ಇದು ಅನ್ಯಾಯ" ಎಂಬ ಅರಿವು. ಇದು ಸುಳ್ಳಲ್ಲ, ಕೆಟ್ಟದ್ದೂ ಅಲ್ಲ. ತೊಂದರೆ ಏನೆಂದರೆ ಎರಡೂ ಒಂದೇ ಕ್ಷಣದಲ್ಲಿ ಏಳುತ್ತವೆ, ಎರಡಕ್ಕೂ ಮೈ ಬಿಸಿಯಾಗುತ್ತದೆ. ಬಾಯಿ ತೆರೆದಾಗ ಯಾವುದು ಮಾತಾಡುತ್ತಿದೆ ಎಂದು ನಮಗೇ ತಿಳಿಯುವುದಿಲ್ಲ. ಅಭ್ಯಾಸ ಮಾಡುವವರು ಕಲಿಯಬೇಕಾದದ್ದು ಇವೆರಡನ್ನು ಬಿಡಿಸಿ ನೋಡುವುದನ್ನು. ಮಾನವನ್ನು ಮಾನವೆಂದು ಗುರುತಿಸಿ ಬಿಟ್ಟ ಮೇಲೂ ಅನ್ಯಾಯ ಅಲ್ಲೇ ನಿಂತಿದ್ದರೆ, ಅದರ ಬಗ್ಗೆ ಏನಾದರೂ ಮಾಡಬೇಕಾಗುತ್ತದೆ.

ಏನು ಮಾಡಬೇಕು? ಇದಕ್ಕೆ ಹೊಂದುವ ಒಂದು ಪ್ರಸಂಗ ವಿನಯ ಪಿಟಕದ ಚುಲ್ಲವಗ್ಗದಲ್ಲಿದೆ.

*ಮರದ ಕೆಳಗೆ ರಾತ್ರಿ ಕಳೆದ ಸಾರಿಪುತ್ತರು*

ಭಗವಾನರು ಸಂಘದ ಜೊತೆ ವೈಶಾಲಿಯಿಂದ ಶ್ರಾವಸ್ತಿಯ ಕಡೆಗೆ ಹೊರಟಿದ್ದರು. ಆಗ 'ಆರು ಜನರ ಗುಂಪು' ಎಂದು ಹೆಸರಾಗಿದ್ದ ಭಿಕ್ಖುಗಳ ಶಿಷ್ಯರು ಎಲ್ಲರಿಗಿಂತ ಮುಂದೆ ಓಡಿಹೋಗಿ ಉಳಿಯುವ ಜಾಗಗಳನ್ನೆಲ್ಲ ಹಿಡಿದುಬಿಟ್ಟರು. ಇದು ನಮ್ಮ ಉಪಾಧ್ಯಾಯರಿಗೆ, ಇದು ನಮ್ಮ ಆಚಾರ್ಯರಿಗೆ, ಇದು ನಮಗೆ ಎಂದು ಒಂದೊಂದನ್ನೂ ಕಾದಿರಿಸಿದರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿದವರಿಗೆ ಇದು ಹೊಸದಲ್ಲ!

ಹಿಂದಿನಿಂದ ಬಂದ ಸಾರಿಪುತ್ತರಿಗೆ ಮಲಗಲು ಜಾಗವೇ ಸಿಗಲಿಲ್ಲ. ಬುದ್ಧರ ಅಗ್ರಶಿಷ್ಯರು ಅವರು. ಒಂದು ಮಾತು ಹೇಳಿದ್ದರೆ ಹತ್ತು ಜನ ಎದ್ದು ಜಾಗ ಬಿಡುತ್ತಿದ್ದರು. ಅವರು ಯಾರನ್ನೂ ಏನೂ ಕೇಳದೆ ಒಂದು ಮರದ ಬುಡದಲ್ಲಿ ಕುಳಿತು ರಾತ್ರಿ ಕಳೆದರು. ಬೆಳಗಿನ ಜಾವ ಭಗವಾನರು ಎದ್ದು ಕೆಮ್ಮಿದರು. ಮರದ ಕೆಳಗಿನಿಂದ ಸಾರಿಪುತ್ತರೂ ಕೆಮ್ಮಿದರು. ಯಾರಲ್ಲಿ ಎಂದು ಕೇಳಿದಾಗ, ನಾನು ಸಾರಿಪುತ್ತ ಎಂದರು. ಇಲ್ಲೇಕೆ ಕೂತಿದ್ದೀಯೆ ಎಂದು ವಿಚಾರಿಸಿದಾಗ ನಡೆದದ್ದು ತಿಳಿಯಿತು.

ಭಗವಾನರು ಏನು ಮಾಡಿದರು? ಸಾರಿಪುತ್ತರ ತಾಳ್ಮೆ ದೊಡ್ಡದು, ಎಲ್ಲರೂ ಹಾಗೇ ಸಹಿಸಿಕೊಳ್ಳಿ ಎಂದು ಹೇಳಿ ಮುಗಿಸಲಿಲ್ಲ. ಸಂಘವನ್ನು ಸೇರಿಸಿದರು. ನುಗ್ಗಿ ಜಾಗ ಹಿಡಿದದ್ದು ತಪ್ಪು ಎಂದು ನೇರವಾಗಿ ಹೇಳಿದರು. ಆಮೇಲೆ, ಮೊದಲ ಆಸನ, ಮೊದಲ ನೀರು, ಮೊದಲ ಊಟ ಯಾರಿಗೆ ಸಲ್ಲಬೇಕು ಎಂದು ಕೇಳಿದರು. ಕೆಲವರು ಕ್ಷತ್ರಿಯ ಕುಲದಿಂದ ಬಂದವರಿಗೆ ಎಂದರು. ಕೆಲವರು ಬ್ರಾಹ್ಮಣ ಕುಲದಿಂದ ಬಂದವರಿಗೆ ಎಂದರು. ಧ್ಯಾನದಲ್ಲಿ ಮುಂದುವರಿದವರಿಗೆ ಎಂದವರೂ ಇದ್ದರು. ಭಗವಾನರು ಯಾವುದನ್ನೂ ಒಪ್ಪಲಿಲ್ಲ. ಆಲದ ಮರದ ಬಳಿ ವಾಸವಿದ್ದ ಕೌಜುಗ, ಕೋತಿ ಮತ್ತು ಆನೆಯ ಕಥೆ ಹೇಳಿದರು. ಆ ಮೂವರಲ್ಲಿ ಹಿರಿಯರು ಯಾರು ಎಂದು ಲೆಕ್ಕ ಹಾಕಿದಾಗ, ಆ ಮರ ಹುಟ್ಟುವ ಮೊದಲೇ ಇದ್ದದ್ದು ಪುಟ್ಟ ಕೌಜುಗ ಎಂದು ಗೊತ್ತಾಯಿತು. ಆನೆಯೂ ಅದಕ್ಕೆ ತಲೆಬಾಗಿತು. ಅಂದಿನಿಂದ ಸಂಘದಲ್ಲಿ ಗೌರವದ ಸರದಿ ಮೊದಲು ಬಂದವರಿಗೆ ಎಂದಾಯಿತು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಸಾರಿಪುತ್ತರು ತಮ್ಮ ಪಾಲಿನ ನಷ್ಟವನ್ನು ದ್ವೇಷವಿಲ್ಲದೆ ಹೊತ್ತರು. ಅದು ಖಂತಿ. ಭಗವಾನರು ಎಲ್ಲರ ಪಾಲಿನ ನ್ಯಾಯವನ್ನು ನೋಡಿದರು. ಅದು ಕರುಣೆ. ಅಕ್ಕನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನಮ್ಮ ಜಾಗವನ್ನು ನಾವು ಬಿಟ್ಟುಕೊಡಬಹುದು, ಅದು ದಾನ. ನಮ್ಮ ಹಿಂದೆ ನಿಂತ ನೂರು ಜನರ ಜಾಗವನ್ನು ಅವರನ್ನು ಕೇಳದೆ ಬಿಟ್ಟುಕೊಡಲು ನಮಗೆ ಹಕ್ಕಿಲ್ಲ. ನಿಜವಾಗಿ ದಾನ ಮಾಡಬೇಕೆಂದಿದ್ದರೆ ದಾರಿ ಸುಲಭ: ಅವರನ್ನು ಮುಂದೆ ಬಿಟ್ಟು, ನಾವು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು! ಆಗ ಹಿಂದಿನವರಿಗೆ ನಷ್ಟ ಕಡಿಮೆ.

*ಸರದಿ ಯಾಕೆ ಇಷ್ಟು ದೊಡ್ಡದು?*

ಸಂಘದಲ್ಲಿ ಉಪಸಂಪದೆ ಮುಗಿದ ಕೂಡಲೇ ನೆರಳನ್ನು ಅಳೆದು ಹೊತ್ತು ಗುರುತಿಸಬೇಕೆಂಬ ನಿಯಮವಿದೆ. ಯಾರು ಮೊದಲು, ಯಾರು ನಂತರ ಎಂಬುದರಲ್ಲಿ ಗೊಂದಲವಾಗಬಾರದು ಎಂದು. ಇವತ್ತಿಗೂ ಥೇರವಾದ ಸಂಪ್ರದಾಯದ ಭಿಕ್ಖುಗಳು ಭಿಕ್ಷೆಗೆ ಸಾಲಾಗಿ ಹೊರಟಾಗ ಮೊದಲು ಉಪಸಂಪದೆ ಪಡೆದವರು ಮುಂದೆ ನಡೆಯುತ್ತಾರೆ.

ಶಾಕ್ಯ ಕುಮಾರರ ಪ್ರವ್ರಜ್ಯೆ ನೆನಪಿಸಿಕೊಳ್ಳಿ. ಅನುರುದ್ಧ, ಆನಂದ, ಭದ್ದಿಯ ಮೊದಲಾದವರು ಭಗವಾನರ ಬಳಿ ಬಂದಾಗ ಅವರ ಜೊತೆ ಕ್ಷೌರಿಕ ಉಪಾಲಿಯೂ ಇದ್ದರು. ಕುಮಾರರೇ ಭಗವಾನರನ್ನು ಕೇಳಿಕೊಂಡರು: ಉಪಾಲಿಗೆ ಮೊದಲು ಪ್ರವ್ರಜ್ಯೆ ಕೊಡಿ, ಇಷ್ಟು ದಿನ ನಮ್ಮ ಸೇವೆ ಮಾಡಿದವರಿಗೆ ಇನ್ನು ನಾವು ಕೈಮುಗಿಯುವಂತಾಗಲಿ, ನಮ್ಮ ಶಾಕ್ಯ ಕುಲದ ಗರ್ವ ಇಳಿಯಲಿ ಎಂದು. ಅರಮನೆಯಿಂದ ಬಂದವರು ಕ್ಷೌರಿಕರ ಹಿಂದೆ ನಿಂತರು. ಆ ಉಪಾಲಿಯೇ ಮುಂದೆ ವಿನಯದಲ್ಲಿ ಅಗ್ರಗಣ್ಯರಾದರು. ಜಾತಿಯ ಏಣಿಯನ್ನು ಮುರಿಯಲು ಬುದ್ಧರ ಸಂಘ ಬಳಸಿದ ಸಾಧನಗಳಲ್ಲಿ ಈ ಸರದಿಯೂ ಒಂದು.

ನಮ್ಮ ನಾಡಿನಲ್ಲಿ ಸರದಿ ಎಲ್ಲರಿಗೂ ಸಿಕ್ಕಿರಲಿಲ್ಲ. ಬಾಬಾಸಾಹೇಬರು ಶಾಲೆಯಲ್ಲಿದ್ದಾಗ ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಮುಂಬೈ ಶಾಸನ ಸಭೆ 1923ರಲ್ಲೇ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ನಿರ್ಣಯ ಮಾಡಿದ್ದರೂ, ಮಹಾಡದ ಚವದಾರ ಕೆರೆಯ ನೀರನ್ನು ಕೈಯಲ್ಲಿ ಎತ್ತಲು 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರ ಜೊತೆ ನಡೆದು ಹೋಗಬೇಕಾಯಿತು. "ತಾಳ್ಮೆ ಇರಲಿ, ನಿಮ್ಮ ಕಾಲ ಬರುತ್ತದೆ" ಎಂಬ ಬುದ್ಧಿಮಾತನ್ನು ಯಾವಾಗಲೂ ಹಿಂದೆ ತಳ್ಳಲ್ಪಟ್ಟವರಿಗೇ ಹೇಳುತ್ತಾ ಬಂದಿದ್ದಾರೆ. ತಳ್ಳುವವರಿಗೆ ಹೇಳಿದವರು ಕಡಿಮೆ. ಆದ್ದರಿಂದ ಖಂತಿಯ ಹೆಸರಿನಲ್ಲಿ ಅನ್ಯಾಯಕ್ಕೆ ದಾರಿ ಬಿಡುವಾಗ ನಾವು ಎರಡು ಸಲ ಯೋಚಿಸಬೇಕು. 2024ರ ಆಗಸ್ಟ್‌ನಲ್ಲಿ ಲಾಲ್‌ಬಾಗ್‌ನ ಇದೇ ಗಾಜಿನ ಮನೆಯಲ್ಲಿ ಬಾಬಾಸಾಹೇಬರ ಬದುಕನ್ನು ಹೂಗಳಲ್ಲಿ ತೋರಿಸಿದ್ದರು. ಅದನ್ನು ನೋಡಲು ಸಾಹುಕಾರನೂ ಕೂಲಿಯವನೂ ಒಂದೇ ಸಾಲಿನಲ್ಲಿ, ಬಂದ ಕ್ರಮದಲ್ಲಿ ನಿಂತದ್ದು ಸಣ್ಣ ಸಂಗತಿಯಲ್ಲ.

*ಹಾಗಾದರೆ ಹೇಗೆ ಹೇಳಬೇಕು?*

ಇನ್ನೊಬ್ಬರ ತಪ್ಪನ್ನು ಎತ್ತಿ ಹೇಳುವವರು ಐದು ವಿಷಯ ನೋಡಿಕೊಳ್ಳಬೇಕು ಎಂದು ಅಂಗುತ್ತರ ನಿಕಾಯದಲ್ಲಿ ಸಾರಿಪುತ್ತರೇ ತಿಳಿಸಿದ್ದಾರೆ. ಮರದ ಕೆಳಗೆ ಸುಮ್ಮನೆ ಕೂತ ಅದೇ ಸಾರಿಪುತ್ತರು! ಆ ಐದನ್ನು ನಮ್ಮ ಸಾಲಿಗೆ ಹೊಂದಿಸಿ ನೋಡೋಣ.

1️⃣ *ಸಮಯ ನೋಡಿ.* ನುಗ್ಗಿದ ಕೂಡಲೇ, ಸಮಾಧಾನವಾಗಿ ಹೇಳಿ. ಅರ್ಧ ಗಂಟೆ ಗೊಣಗಿಕೊಂಡು ಆಮೇಲೆ ಸಿಡಿಯಬೇಡಿ.

2️⃣ *ನಿಜ ತಿಳಿದುಕೊಳ್ಳಿ.* ಅವರ ಮನೆಯವರು ಮುಂದೆ ನಿಂತಿದ್ದು, ಮಗುವನ್ನು ಶೌಚಾಲಯಕ್ಕೆ ಕರೆದೊಯ್ದು ವಾಪಸ್ ಬಂದಿರಬಹುದು. ಸಾಲಿನ ಕೊನೆ ಎಲ್ಲಿದೆ ಎಂದೇ ಕಾಣದಿರಬಹುದು. ಮೊದಲು ಕೇಳಿ.

3️⃣ *ಮೃದುವಾಗಿ ಹೇಳಿ.* "ಅಣ್ಣಾ, ಸಾಲು ಆ ಮರದ ಹತ್ತಿರದಿಂದ ಬರ್ತಾ ಇದೆ, ನೀವು ನೋಡ್ಲಿಲ್ಲ ಅನ್ಸುತ್ತೆ" ಎಂದರೆ ಅವರು ಮುಖ ಉಳಿಸಿಕೊಂಡು ಹಿಂದೆ ಹೋಗಬಹುದು. "ಮನೇಲಿ ಹೇಳ್ಕೊಟ್ಟಿಲ್ವಾ?" ಎಂದರೆ ಹೋಗಬೇಕೆಂದವರೂ ಅಲ್ಲೇ ಬೇರೂರುತ್ತಾರೆ.

4️⃣ *ಒಳಿತಿಗಾಗಿ ಹೇಳಿ.* ಸಾಲು ಸರಿಹೋಗಬೇಕು, ಅಷ್ಟೇ. ಅವರಿಗೆ ಅವಮಾನವಾಗಬೇಕು ಎಂಬ ಆಸೆ ಮನಸ್ಸಿನಲ್ಲಿದ್ದರೆ ಅದನ್ನು ಮೊದಲು ಇಳಿಸಿ.

5️⃣ *ಮೈತ್ರಿಯಿಂದ ಹೇಳಿ.* ನುಗ್ಗುವವರ ಮನಸ್ಸಿನಲ್ಲೂ ಸುಖವಿಲ್ಲ. ತನಗೆ ಸಿಗದೇ ಹೋದೀತು ಎಂಬ ಭಯವೇ ಅವರನ್ನು ನೂಕುತ್ತಿದೆ.

ಹೇಳಿದ ಮೇಲೆ ಅವರು ಹಿಂದೆ ಸರಿದರೆ ಒಂದು ನಗು ಕೊಟ್ಟು ಮರೆತುಬಿಡಿ. ನಿಜವಾಗಿ ತುರ್ತು ಇದ್ದರೆ, ಗರ್ಭಿಣಿಯೋ ಅಶಕ್ತರೋ ಆಗಿದ್ದರೆ, ಹಿಂದಿನವರನ್ನೂ ಒಂದು ಮಾತು ಕೇಳಿ ಜಾಗ ಮಾಡಿಕೊಡಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಜಗಳಕ್ಕೇ ಬಂದರೆ ಮೈಮುಟ್ಟಬೇಡಿ, ನೂಕಬೇಡಿ. ಅಲ್ಲಿನ ಸಿಬ್ಬಂದಿಗೆ ತಿಳಿಸಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡದ್ದನ್ನು ಬೆಂಗಳೂರು ಮರೆಯುವುದಿಲ್ಲ. ತುಂಬಿದ ಗುಂಪಿನಲ್ಲಿ ಒಂದು ತಳ್ಳು ಯಾರ ಮೇಲೆ ಹೋಗಿ ಬೀಳುತ್ತದೋ ಹೇಳಲಾಗದು. ಅಂಥ ಕಡೆ ಮೊದಲ ಶೀಲವೇ ಮೊದಲು, ಸರದಿ ಆಮೇಲೆ.

ಇಷ್ಟಾದರೂ ಸರಿಹೋಗದಿದ್ದರೆ ಬಿಟ್ಟುಬಿಡಿ. ಈಗ ಬಿಡುವುದು ಉಪೇಕ್ಖಾ. ಹೇಳಬೇಕಾದ್ದನ್ನು ಹೇಳದೆ "ನಮಗ್ಯಾಕೆ ಊರ ಉಸಾಬರಿ" ಎಂದು ಬಿಡುವುದು ಬರೀ ಉದಾಸೀನ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಅದಕ್ಕೇ ಹಿಂದಿನ ಆಚಾರ್ಯರು ಅಜ್ಞಾನದ ಉದಾಸೀನವನ್ನು ಉಪೇಕ್ಖೆಯ ಹತ್ತಿರದ ಶತ್ರು ಎಂದು ಗುರುತಿಸಿದರು.

*ಕೊನೆಗೆ ನಮ್ಮ ಕಡೆಗೂ ಒಂದು ನೋಟ*

ನುಗ್ಗುವವರು ಯಾವಾಗಲೂ ಹಗ್ಗದ ಕೆಳಗೆ ನುಸುಳಿ ಬರುವುದಿಲ್ಲ. ಒಬ್ಬರನ್ನು ಮುಂದೆ ನಿಲ್ಲಿಸಿ ಆಮೇಲೆ ಎಂಟು ಜನ ಬಂದು ಸೇರಿಕೊಳ್ಳುತ್ತಾರೆ. ಪರಿಚಯದವರಿಗೆ ಫೋನ್ ಮಾಡಿಸಿ ಪಕ್ಕದ ಬಾಗಿಲಿನಿಂದ ಹೋಗುತ್ತಾರೆ. ಇದಕ್ಕೆ ನಾವು 'ಅಡ್ಜಸ್ಟ್ ಮಾಡಿಕೊಳ್ಳೋದು' ಎನ್ನುತ್ತೇವೆ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬುದು ನಾವು ದಿನವೂ ಹೇಳುವ ಎರಡನೆಯ ಶೀಲ. ಬೇರೆಯವರ ಹತ್ತು ನಿಮಿಷವೂ ಅವರ ಸ್ವತ್ತೇ. ದಿನಗೂಲಿ ಬಿಟ್ಟು ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಆ ಹತ್ತು ನಿಮಿಷದ ಬೆಲೆ ಇನ್ನೂ ಹೆಚ್ಚು.

🌼 *ಇಂದಿನ ಅಭ್ಯಾಸ:* ಇವತ್ತು ನೀವು ಎಲ್ಲೇ ಸಾಲಿನಲ್ಲಿ ನಿಂತರೂ, ನ್ಯಾಯಬೆಲೆ ಅಂಗಡಿಯಾಗಲಿ, ಮೆಟ್ರೋ ಆಗಲಿ, ಆಸ್ಪತ್ರೆಯ ಚೀಟಿ ಮಾಡಿಸುವ ಕಡೆಯಾಗಲಿ, ಒಮ್ಮೆ ಹಿಂದೆ ತಿರುಗಿ ನೋಡಿ. ಅಲ್ಲಿರುವ ಮುಖಗಳನ್ನು ಗಮನಿಸಿ. ಎಲ್ಲರೂ ಕಾಯುತ್ತಿದ್ದಾರೆ, ಎಲ್ಲರ ಕಾಲೂ ನೋಯುತ್ತಿದೆ. ಯಾರಾದರೂ ಮಧ್ಯೆ ನುಗ್ಗಿದರೆ ಮೂರು ಉಸಿರು ಎಣಿಸಿ, ಆಮೇಲೆ ಆ ಮುಖಗಳ ಪರವಾಗಿ ಮೃದುವಾಗಿ ಒಂದು ಮಾತು ಹೇಳಿ. ಅನುಭವವನ್ನು ಭಾನುವಾರ ಬಳಗದಲ್ಲಿ ಹಂಚಿಕೊಳ್ಳಿ.

ಎಲ್ಲರಿಗೂ ಒಳಿತಾಗಲಿ.
ಸಾಧು! ಸಾಧು! ಸಾಧು! 🙏