ಲೈಸೆನ್ಸಿಗೆ ವಾಯಿದೆ ಉಂಟು, ಸ್ಪ್ರಿಂಗಿಗೆ?

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಯಾದಗಿರಿ ಕಡೆ ಬಂದೂಕಿನ ಲೈಸೆನ್ಸ್ ಇರುವ ಮನೆಗಳಿಗೆ ಠಾಣೆಯಿಂದ ಫೋನು ಬರುತ್ತದೆ. 2023ರ ಮೇ 10ಕ್ಕೆ ವಿಧಾನಸಭೆ ಮತದಾನ ನಡೆಯಿತು. ಮರುವರ್ಷ ಮೇ 7ಕ್ಕೆ ಲೋಕಸಭೆ, ಅದೇ ದಿನ ಸುರಪುರಕ್ಕೆ ಉಪಚುನಾವಣೆಯೂ ಬಂತು. ಮುದನಾಳದಿಂದ ಹಿಡಿದು ಶಹಾಪುರ, ಸುರಪುರದ ತನಕ ಹೊಲ ಕಾಯಲು ಇಟ್ಟುಕೊಂಡ ಬಂದೂಕುಗಳ ಜೊತೆ ಅಲ್ಲೊಂದು ಇಲ್ಲೊಂದು ಪಿಸ್ತೂಲು ಕೂಡ ಠಾಣೆಯ ಕಪಾಟು ಸೇರುತ್ತದೆ. ಫಲಿತಾಂಶ ಬಂದು ಗದ್ದಲ ತಣ್ಣಗಾದ ಮೇಲೆ ಮಾಲೀಕ ಹೋಗಿ ನಂಬರ್ ತಾಳೆ ನೋಡಿ, ಸಹಿ ಹಾಕಿ, ಮನೆಗೆ ತಂದು ಮತ್ತೆ ಬೀರುವಿನಲ್ಲಿಡುತ್ತಾನೆ. ಒಳಗಿನ ಸ್ಪ್ರಿಂಗ್ ಹೇಗಿದೆ ಎಂದು ಠಾಣೆಯವರು ಕೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ಮಾಲೀಕನೂ ಕೇಳಿಕೊಳ್ಳುವುದಿಲ್ಲ.

ಸಾಮಾನ್ಯರಿಗೆ 9 ಎಂ.ಎಂ. ಪಿಸ್ತೂಲು ಸಿಗುವುದಿಲ್ಲ, ಅದು ನಿಷೇಧಿತ ಬೋರ್. ಹಾಗಾಗಿ ಖಾಸಗಿ ಲೈಸೆನ್ಸಿನಲ್ಲಿ ಕಾಣುವುದು ಹೆಚ್ಚಾಗಿ ಪಾಯಿಂಟ್ 32ರ ಗಿಡ್ಡ ಪಿಸ್ತೂಲು. ಗುಂಡು ಹಾರಿದ ಕ್ಷಣ ಮೇಲಿನ ಸ್ಲೈಡ್ ಹಿಂದಕ್ಕೆ ನುಗ್ಗುತ್ತದೆ, ಖಾಲಿ ಕೇಸನ್ನು ಹೊರಗೆಸೆಯುತ್ತದೆ. ಆ ನುಗ್ಗನ್ನು ತಡೆಯುವುದೂ ಸ್ಪ್ರಿಂಗೇ, ಸ್ಲೈಡನ್ನು ಮುಂದಕ್ಕೆ ತಳ್ಳಿ ಮ್ಯಾಗಜೀನಿನಿಂದ ಮತ್ತೊಂದು ಗುಂಡು ಎತ್ತಿಸಿ ನಳಿಗೆಯ ಹಿಂದಿನ ಬಾಯಿ ಮುಚ್ಚಿಸುವುದೂ ಅದೇ. ಈ ಬೋರಿನ ಹೆಚ್ಚಿನ ಪಿಸ್ತೂಲುಗಳಲ್ಲಿ ನಳಿಗೆಯನ್ನೂ ಸ್ಲೈಡನ್ನೂ ಬಿಗಿದಿಡುವ ಕೊಂಡಿ ಇರುವುದಿಲ್ಲ. ಸ್ಲೈಡಿನ ತೂಕ, ಸ್ಪ್ರಿಂಗಿನ ಒತ್ತಡ, ಇವೆರಡರ ಮೇಲೆಯೇ ಎಲ್ಲ ನಿಂತಿದೆ.

ಪಿಸ್ತೂಲು ಗಿಡ್ಡವಾದಷ್ಟೂ ಸ್ಪ್ರಿಂಗಿನ ಪಾಡು ಕಷ್ಟ. ಉದ್ದ ನಳಿಗೆಯ ಪಿಸ್ತೂಲಿನಲ್ಲಿ ಸ್ಲೈಡಿಗೆ ಓಡಲು ಜಾಗ ಇರುತ್ತದೆ, ಸ್ಪ್ರಿಂಗಿಗೆ ಕುಗ್ಗಲು ಉದ್ದ ಇರುತ್ತದೆ. ಗಿಡ್ಡದರಲ್ಲಿ ಎರಡೂ ಕಡಿಮೆ, ತಡೆಯಬೇಕಾದ ಪೆಟ್ಟು ಮಾತ್ರ ಕಡಿಮೆಯಾಗುವುದಿಲ್ಲ. ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ ತನ್ನ 1900ರ ಪಿಸ್ತೂಲು ಮಾದರಿಯಲ್ಲಿ ಸ್ಪ್ರಿಂಗನ್ನು ನಳಿಗೆಯ ಮೇಲ್ಗಡೆ ಇಟ್ಟಿದ್ದ. 1910ರದರಲ್ಲಿ ಅದನ್ನು ನಳಿಗೆಗೇ ಸುತ್ತಿಸಿ ಪಿಸ್ತೂಲನ್ನು ತೆಳ್ಳಗೆ ಮಾಡಿದ. ಈಗಿನ ಕೆಲವು ಗಿಡ್ಡ ಪಿಸ್ತೂಲುಗಳಲ್ಲಿ ಒಂದರೊಳಗೊಂದು ಕೂರುವ ಜೋಡಿ ಸ್ಪ್ರಿಂಗ್ ಇರುತ್ತದೆ. ಏನೇ ಉಪಾಯ ಮಾಡಿದರೂ ದೊಡ್ಡ ಪಿಸ್ತೂಲಿನ ಸ್ಪ್ರಿಂಗ್ ಕೆಲವು ಸಾವಿರ ಗುಂಡು ತಾಳಿದರೆ, ಗಿಡ್ಡದರದು ಅದಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ. ನಿಖರ ಲೆಕ್ಕ ಬೇಕಾದವರು ತಯಾರಕರ ಪುಸ್ತಿಕೆ ನೋಡಬೇಕು. ಒಂದು ಪಿಸ್ತೂಲಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

"ನಾವು ಹೊಡೆಯೋದೇ ಇಲ್ಲಲ್ಲರೀ, ಸ್ಪ್ರಿಂಗ್ ಹೆಂಗ ಸವೀತದ?" ಎನ್ನುವವರಿದ್ದಾರೆ. ಅರ್ಧ ನಿಜ. ಒಳ್ಳೆಯ ಉಕ್ಕಿನ ಸ್ಪ್ರಿಂಗ್ ಸುಮ್ಮನೆ ಕೂತರೆ ಅಷ್ಟಾಗಿ ಸೋಲುವುದಿಲ್ಲ, ಕುಗ್ಗಿ ಹಿಗ್ಗಿದಾಗಲೇ ಸವೆಯುತ್ತದೆ. ಆದರೆ ನೆಂಟರು ಬಂದಾಗ ಸ್ಲೈಡ್ ಎಳೆದು 'ಠಕ್' ಅನ್ನಿಸಿ ತೋರಿಸುವುದೂ ಕುಗ್ಗಿಸಿ ಹಿಗ್ಗಿಸುವುದೇ ಆಯಿತು. ಜೊತೆಗೆ ನಮ್ಮ ಬೇಸಿಗೆ ಇದೆ. ಎಣ್ಣೆ ಒಣಗಿ ಅಂಟಾಗುತ್ತದೆ, ಎರೆ ಮಣ್ಣಿನ ನುಣ್ಣನೆ ಧೂಳು ಆ ಅಂಟಿಗೆ ಕೂರುತ್ತದೆ, ಮಳೆಗಾಲದಲ್ಲಿ ಅದರಡಿಯಲ್ಲೇ ತುಕ್ಕು ಹಿಡಿಯುತ್ತದೆ. ತುಕ್ಕಿನ ಒಂದು ಚುಕ್ಕೆ ಸಾಕು, ಸುರುಳಿ ಮುರಿಯುವುದಾದರೆ ಅಲ್ಲಿಂದಲೇ ಶುರು.

ಸೋತ ಸ್ಪ್ರಿಂಗ್ ಗುಟ್ಟು ಬಿಡುವ ರೀತಿ ಬೇರೆ ಬೇರೆ. ಖಾಲಿ ಕೇಸುಗಳು ಮೊದಲಿಗಿಂತ ದೂರ ಹೋಗಿ ಬೀಳುತ್ತವೆ, ಕೈಗೆ ಬಡಿತ ಹೆಚ್ಚಾಗುತ್ತದೆ, ಸ್ಲೈಡ್ ಮುಂದೆ ಬಂದರೂ ಕೊನೆಯ ಕೂದಲೆಳೆಯಷ್ಟು ಮುಚ್ಚದೆ ನಿಲ್ಲುತ್ತದೆ. ಗುಂಡು ಹಾರಿಸದವನಿಗೆ ಇವು ಯಾವುವೂ ಕಾಣುವುದಿಲ್ಲವಾದ್ದರಿಂದ ಬಿಚ್ಚಿಯೇ ನೋಡಬೇಕು. ಮೊದಲು ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ನಳಿಗೆಯೊಳಗೆ ಗುಂಡಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಬೇಕು. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಆಮೇಲೆ ಸ್ಪ್ರಿಂಗನ್ನು ಬಿಳಿ ಬಟ್ಟೆಯ ಮೇಲೆ ಹೊಸದರ ಪಕ್ಕ ಮಲಗಿಸಿದರೆ ಹಳೆಯದು ಒಂದೆರಡು ಸುತ್ತಿನಷ್ಟು ಗಿಡ್ಡವಾಗಿರುವುದು ತಾನೇ ಕಾಣುತ್ತದೆ. ಹೊಸ ಸ್ಪ್ರಿಂಗ್ ಶುರುವಿನಲ್ಲಿ ತುಸು ಕುಗ್ಗುವುದು ಸಹಜ. ಆಮೇಲೂ ಕುಗ್ಗುತ್ತಲೇ ಹೋದರೆ, ಎಲ್ಲಾದರೂ ಸೊಟ್ಟಗಾಗಿದ್ದರೆ, ಬದಲಿಸಬೇಕು. ಬಿಗಿ ಇದ್ದಷ್ಟೂ ಒಳ್ಳೆಯದೆಂದು ಹೆಚ್ಚು ಬಲದ್ದನ್ನು ಹಾಕಿಸುವುದೂ ತಪ್ಪು. ಆಗ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಇಷ್ಟಾದರೂ ಯಾರೂ ಬಿಚ್ಚಿ ನೋಡದಿರುವುದಕ್ಕೆ ಹಳೆಯ ಕಾರಣವೊಂದು ಇರಬಹುದು. ಸುರಪುರದ ಚರಿತ್ರೆಯಲ್ಲೂ ಒಂದು ಕೈಬಂದೂಕು ಇದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನನ್ನು ಕಾವಲಿನಲ್ಲಿ ಚೆಂಗಲ್‌ಪಟ್ಟಿಗೆ ಸಾಗಿಸುವಾಗ, ಬೆಂಗಾವಲಿನ ಇಂಗ್ಲಿಷ್ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಆತ ಬಲಿಯಾದ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಆಕಸ್ಮಿಕವೋ ಆತ್ಮಹತ್ಯೆಯೋ ಕೊಲೆಯೋ ಎಂಬ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ರಿವಾಲ್ವರಿನಲ್ಲಿ ಸ್ಲೈಡೂ ಇಲ್ಲ, ಅದನ್ನು ತಡೆಯುವ ಸ್ಪ್ರಿಂಗೂ ಇಲ್ಲ. ಎಷ್ಟು ವರ್ಷ ಮರೆತಿಟ್ಟರೂ ನಡೆದೀತು ಎಂಬ ನಂಬಿಕೆ ಪಿಸ್ತೂಲಿಗೂ ಅಂಟಿಕೊಂಡದ್ದು ಬಹುಶಃ ಅದರಿಂದಲೇ.

ಇನ್ನು ಬದಲಿಸುವುದೆಲ್ಲಿ? ನಮ್ಮಲ್ಲಿ ಪಂಪ್‌ಸೆಟ್ಟಿನಿಂದ ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ಊರಿನಲ್ಲೇ ಒಬ್ಬ ಕೈಚಳಕದವನು ಸಿಗುತ್ತಾನೆ. ಅಳತೆ ಕೊಟ್ಟರೆ ಯಾವುದೋ ಯಂತ್ರದ ಸ್ಪ್ರಿಂಗ್ ಕತ್ತರಿಸಿ ಕೂರಿಸಿಯೂ ಕೊಟ್ಟಾನು. ಅಲ್ಲಿಗೆ ಒಯ್ಯಬಾರದು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ತಯಾರಿಕೆ, ಮಾರಾಟಕ್ಕಷ್ಟೇ ಅಲ್ಲ, ರಿಪೇರಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಪಡೆದ ಆಯುಧದ ಅಂಗಡಿಗೇ ಹೋಗಿ, ಅದೇ ಮಾದರಿಯ ಸ್ಪ್ರಿಂಗ್ ಕೇಳಬೇಕು. ಯಾದಗಿರಿ ಕಡೆಯವರಿಗೆ ಇದು ದೂರದ ಓಡಾಟವೇ, ಒಪ್ಪುತ್ತೇನೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೇರಿದೆ, ಕಚೇರಿಗೆ ಅಲೆಯುವುದು ಅಷ್ಟು ತಪ್ಪಿದೆ. ಉಳಿದ ಆ ಒಂದು ಓಡಾಟವನ್ನು ಅಂಗಡಿಗೆ ಖರ್ಚು ಮಾಡಬಹುದು. ನವೀಕರಣದ ವರ್ಷ ಸ್ಪ್ರಿಂಗ್ ತಪಾಸಣೆ ಎಂದು ಗೊತ್ತು ಮಾಡಿಕೊಂಡರೆ ಮರೆತೂ ಹೋಗದು. ಹೊಡೆದ ಗುಂಡಿನ ಲೆಕ್ಕವನ್ನು ಲೈಸೆನ್ಸ್ ಪುಸ್ತಕದೊಳಗೊಂದು ಚೀಟಿಯಲ್ಲಿ ಬರೆದಿಟ್ಟರೆ ಅಂಗಡಿಯವನಿಗೂ ಅನುಕೂಲ.

ಹಳೆಯ ಸ್ಪ್ರಿಂಗನ್ನು ಮಾತ್ರ ವಾಪಸ್ ತರಬೇಡಿ. ತಂದರೆ ಅದು ಮೊಳೆ, ನಟ್ಟು, ಬೋಲ್ಟಿನ ಡಬ್ಬಿ ಸೇರುತ್ತದೆ, ಹೊಸದು ಕಳೆದುಹೋದ ದಿನ ಯಾರೋ ಒಬ್ಬರು ಅದನ್ನೇ ಒರೆಸಿ ಮತ್ತೆ ಕೂರಿಸುತ್ತಾರೆ.