ನುಂಗಿದ ಕೋಪ, ಗೆದ್ದ ಕೋಪ

ಕೋಪವನ್ನು ಗೆದ್ದವರೆಂದು ಲೋಕದಲ್ಲಿ ಹೆಸರು ಪಡೆದವರು ಎರಡು ಬಗೆಯವರಾಗಿರುತ್ತಾರೆ. ಒಬ್ಬನಲ್ಲಿ ಕೋಪವು ಹುಟ್ಟಿದರೂ ನಿಲ್ಲಲು ಎಡೆ ದೊರೆಯದೆ ಕರಗಿಹೋಗುತ್ತದೆ. ಇನ್ನೊಬ್ಬನಲ್ಲಿ ಅದು ಕರಗುವುದಿಲ್ಲ. ಬಾಯಿಂದ ಹೊರಬೀಳದೆ ಎದೆಯಲ್ಲಿಯೇ ಬೀಡುಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಶಾಂತರೇ. ಜನರು ಇಬ್ಬರನ್ನೂ ಒಂದೇ ಮಾತಿನಿಂದ ಹೊಗಳುತ್ತಾರೆ. ಆದರೆ ಅಂತರಂಗವನ್ನು ಬಲ್ಲ ಲಿಂಗದ ಮುಂದೆ ಈ ಇಬ್ಬರೂ ಸಮರಲ್ಲ. ಮೊದಲನೆಯವನು ಕೋಪವನ್ನು ಗೆದ್ದವನು; ಎರಡನೆಯವನು ಅದನ್ನು ನುಂಗಿದವನು. ನುಂಗಿದುದೆಲ್ಲವೂ ಜೀರ್ಣವಾಗುವುದೆಂಬ ನಿಯಮವಿಲ್ಲ.

ಒಂದು ಊರಿನ ವರ್ತಕನೊಬ್ಬನನ್ನು ನೆನೆಯಬಹುದು. ಅಂಗಡಿಯಲ್ಲಿ ಕುಳಿತಾಗ ಅವನದು ನಗುಮುಖ. ಗಿರಾಕಿಯು ತೂಕದಲ್ಲಿ ಸಂದೇಹಪಟ್ಟು ಹೀನಾಯವಾಗಿ ನುಡಿದರೂ ಕೈಮುಗಿದು ಕಳುಹಿಸುತ್ತಾನೆ. ಸಾಲ ಕೊಟ್ಟ ಸಾಹುಕಾರನು ನಾಲ್ವರ ಎದುರಿಗೆ ಗದರಿಸಿದರೂ ತಲೆ ತಗ್ಗಿಸಿ ನಿಲ್ಲುತ್ತಾನೆ. ಸಂಜೆ ಮನೆಗೆ ಬಂದಾಗ ರೊಟ್ಟಿ ತುಸು ಆರಿದ್ದರೆ ತಾಟನ್ನು ನೂಕುತ್ತಾನೆ. ಓದುತ್ತ ಕುಳಿತ ಮಗನ ಮೇಲೆ ಕೈಯೆತ್ತುತ್ತಾನೆ. ಅದೇ ಮನೆಯ ಸೊಸೆಗೆ ಪಂಚಮಿಗೆ ಕರೆಯಲು ಬಂದಿದ್ದ ಅಣ್ಣನನ್ನು ಬರಿಗೈಯಿಂದ ಹಿಂದಕ್ಕೆ ಕಳುಹಿಸಿದ ದುಃಖವಿದೆ. ಆಕೆಯು ಅದನ್ನು ಯಾರಿಗೂ ಹೇಳಲಿಲ್ಲ. ತಲೆಶೂಲೆಯೆಂದು ಮಲಗುವಳು, ಉಣ್ಣಲು ಕುಳಿತು ಅರ್ಧಕ್ಕೆ ಏಳುವಳು. ಮನೆಯವರು “ನಮ್ಮ ಸೊಸೆ ಬಹಳ ಸಹನೆಯವಳು” ಎಂದು ಬಂದವರೊಡನೆ ಹೇಳಿಕೊಳ್ಳುವರು. ಒಂದೇ ಸೂರಿನ ಕೆಳಗೆ ಒಂದು ಕೋಪವು ಸಿಡಿಯುತ್ತಿದೆ, ಒಂದು ದುಃಖವು ಹೂತುಹೋಗುತ್ತಿದೆ. ಇಂತಹ ಮನೆಗಳು ಅಪರೂಪವಲ್ಲ.

ಸಿಟ್ಟಿನಲ್ಲಿ ಮೈಮರೆತೆನೆಂದು ವರ್ತಕನು ಹೇಳುತ್ತಾನೆ. ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕು. ಕೋಪಕ್ಕೆ ಕಣ್ಣಿಲ್ಲವೆಂಬುದು ಲೋಕೋಕ್ತಿ. ವಿಚಾರಿಸಿದರೆ ಅದಕ್ಕೆ ಕಣ್ಣುಂಟು. ಸಾಹುಕಾರನ ಮುಂದೆ ಮೈಮರೆಯದವನು ಹೆಂಡತಿಯ ಮುಂದೆಯೇ ಏಕೆ ಮೈಮರೆಯಬೇಕು? ನೀರು ತಗ್ಗನ್ನು ಹುಡುಕಿ ಹರಿಯುವಂತೆ ನುಂಗಿದ ಕೋಪವು ಎದುರಾಡಲಾರದವರನ್ನು ಹುಡುಕಿ ಹರಿಯುತ್ತದೆ. ಒಡೆಯನಿಂದ ಆಳಿಗೆ, ಗಂಡನಿಂದ ಹೆಂಡತಿಗೆ, ತಾಯಿಯಿಂದ ಕೂಸಿಗೆ ಇಳಿಯುವುದೇ ಅದರ ದಾರಿ. ಆದುದರಿಂದ ಈ ಪ್ರಶ್ನೆಯು ಕೇವಲ ಆರೋಗ್ಯದ ಪ್ರಶ್ನೆಯಲ್ಲ; ಧರ್ಮದ ಪ್ರಶ್ನೆ. ಬಲವಂತನ ಮುಂದೆ ತಡೆಹಿಡಿಯಬಲ್ಲವನು ದುರ್ಬಲನ ಮುಂದೆಯೂ ತಡೆಹಿಡಿಯಬಲ್ಲನು. ಬಲ್ಲವನು ಮಾಡದಿದ್ದರೆ ಅದು ಅಶಕ್ತಿಯಲ್ಲ, ಅನ್ಯಾಯ.

ಕೋಪವನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನವು ಅನೇಕ ಭಕ್ತರಿಗೆ ಕಂಠಸ್ಥವಾಗಿದೆ. ಅದರಲ್ಲಿ ಅವರು ದೇಹದ ಕೋಪವನ್ನೂ ಮನಸ್ಸಿನ ಕೋಪವನ್ನೂ ಬೇರೆಬೇರೆಯಾಗಿ ಎಣಿಸಿರುವುದು ಗಮನಾರ್ಹ. ಮೈಯಲ್ಲಿ ತೋರುವ ಕೋಪದಿಂದ ಮನುಷ್ಯನ ಘನತೆ ಕೆಡುತ್ತದೆ. ಮನಸ್ಸಿನಲ್ಲಿರುವ ಕೋಪದಿಂದ ಅವನ ಅರಿವೇ ಕೆಡುತ್ತದೆ ಎಂಬುದು ಅದರ ಆಶಯ. ಕೈಯೆತ್ತಲಿಲ್ಲ, ಬೈಯಲಿಲ್ಲ ಎಂದ ಮಾತ್ರಕ್ಕೆ ಕೋಪವು ಅಳಿಯಿತೆಂದು ತಿಳಿಯುವವನಿಗೆ ಇದರಲ್ಲಿ ಎಚ್ಚರಿಕೆಯಿದೆ. ವರ್ತಕನು ಸಂಜೆ ಕಳೆದುಕೊಳ್ಳುವುದು ಹಿರಿತನವನ್ನು. ಅಂಗಡಿಯಲ್ಲಿ ಹಗಲೆಲ್ಲ ನಗುತ್ತ ಕುಳಿತು ಕಳೆದುಕೊಳ್ಳುವುದು ಅರಿವನ್ನು. ಎರಡನೆಯ ನಷ್ಟವು ಯಾರ ಕಣ್ಣಿಗೂ ಬೀಳದಿರುವುದರಿಂದಲೇ ದೊಡ್ಡದು.

ವೈದ್ಯಶಾಸ್ತ್ರದಲ್ಲಿಯೂ ಇದರ ವಿವೇಚನೆಯಿದೆ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ವೇಗಗಳ ವಿಚಾರಕ್ಕೆ ಮೀಸಲಾಗಿದೆ. ತಡೆಯಬಾರದ 13 ವೇಗಗಳನ್ನು ಅಲ್ಲಿ ಹೇಳಿದೆ. ಹಸಿವು, ನೀರಡಿಕೆ, ನಿದ್ರೆ, ಸೀನು, ಆಕಳಿಕೆ ಮೊದಲಾದವುಗಳ ಸಾಲಿನಲ್ಲಿಯೇ ಬಾಷ್ಪ, ಎಂದರೆ ಕಣ್ಣೀರು, ಸೇರಿದೆ. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣುಬೇನೆ, ಹೃದ್ರೋಗ, ಅರುಚಿ, ತಲೆಸುತ್ತುಗಳು ಉಂಟಾಗುವುವೆಂದೂ, ಅದಕ್ಕೆ ಹೇಳಿದ ಉಪಾಯಗಳಲ್ಲಿ ನಿದ್ರೆಯೂ ಪ್ರಿಯವಾದ ಮಾತುಕತೆಯೂ ಸೇರಿವೆಯೆಂದೂ ಅಲ್ಲಿ ಕಾಣುತ್ತೇವೆ. ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳೂ ಬರುತ್ತವೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ ಮೊದಲಾದುವು, ಕಠೋರವಾದ ನುಡಿ, ಪರಪೀಡೆಯ ಕ್ರಿಯೆಗಳೂ ಕೂಡ. ಸಾರಾಂಶವಿಷ್ಟೆ: ಅಳು ಬಂದರೆ ಅಳಬೇಕು, ಏಟು ಕೊಡಬೇಕೆನಿಸಿದರೆ ಕೈಯನ್ನು ಹಿಡಿಯಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಲೆಕೆಳಗು. ಕಣ್ಣೀರಿಗೆ ಕಟ್ಟೆ ಕಟ್ಟಿದ್ದೇವೆ, ಕೈಗೂ ನಾಲಗೆಗೂ ಕಟ್ಟೆಯಿಲ್ಲ.

ಹಾಗಾದರೆ ಒಳಗಿರುವುದನ್ನೆಲ್ಲ ಹೊರಗೆ ಚೆಲ್ಲಿಬಿಡುವುದೇ ಲೇಸೆಂದು ಕೆಲವರು ವಾದಿಸಬಹುದು. ಕೂಗಾಡಿದರೆ ಎದೆ ಹಗುರವಾಗುವುದೆಂಬುದು ಅವರ ನಂಬಿಕೆ. ಒಂದು ಗಳಿಗೆ ಹಾಗೆ ತೋರಬಹುದು. ಆದರೆ ಮಾಡಿದ್ದನ್ನೇ ಮಾಡುತ್ತ ಹೋದರೆ ಅದು ಅಭ್ಯಾಸವಾಗುತ್ತದೆ. ಇಂದು ತಾಟನ್ನು ನೂಕಿದವನಿಗೆ ನಾಳೆ ನೂಕುವುದು ಸುಲಭ. ವಸ್ತುಗಳನ್ನು ಬಡಿದು ಸಿಟ್ಟನ್ನು ತೀರಿಸಿಕೊಳ್ಳುವವರ ಸಿಟ್ಟು ಇಳಿಯುವ ಬದಲು ಹೆಚ್ಚುವುದನ್ನು ಇಂದಿನ ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿ ಕಂಡಿದ್ದಾರೆ. ಸಿಡಿಯುವುದೂ ದಾರಿಯಲ್ಲ, ಹೂಳುವುದೂ ದಾರಿಯಲ್ಲ.

ಇನ್ನು ಕೆಲವರು ಗಣಾಚಾರದ ಮರೆಯಲ್ಲಿ ನಿಲ್ಲುತ್ತಾರೆ. ಪಂಚಾಚಾರಗಳಲ್ಲಿ ಗಣಾಚಾರವುಂಟು, ಶಿವನಿಂದೆಯನ್ನೂ ಅನ್ಯಾಯವನ್ನೂ ಸಹಿಸದಿರುವುದೇ ಅದು. ಆದರೆ ಅದರ ಜೊತೆಯಲ್ಲಿಯೇ ಭೃತ್ಯಾಚಾರವನ್ನೂ ಹೇಳಿದೆ. ತಾನು ಎಲ್ಲರ ಸೇವಕನೆಂದು ಬಾಗದವನಿಗೆ ಗಣಾಚಾರದ ಅಧಿಕಾರವೆಲ್ಲಿಯದು? ಧರ್ಮಕ್ಕೆ ಒದಗಿದ ಹಾನಿಗಾಗಿ ಎದ್ದ ಕೋಪವೋ, ತನ್ನ ಅಹಂಕಾರಕ್ಕೆ ತಗುಲಿದ ಪೆಟ್ಟಿಗಾಗಿ ಎದ್ದ ಕೋಪವೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ರೊಟ್ಟಿ ಆರಿದುದಕ್ಕೆ ಎದ್ದುದು ಗಣಾಚಾರವಲ್ಲ.

ಶರಣರು ಹಿಡಿದ ದಾರಿ ಯಾವುದು? ಅವರು ಭಾವವಿಲ್ಲದ ಕಲ್ಲುಗಳಾಗಿರಲಿಲ್ಲ. ಬಸವಣ್ಣನವರ ವಚನಗಳಲ್ಲಿ ಅಂಜಿಕೆ, ನಾಚಿಕೆ, ಆತ್ಮನಿಂದೆ, ಬೇಸರ ಎಲ್ಲವೂ ಇವೆ. ಅಕ್ಕಮಹಾದೇವಿಯವರಲ್ಲಿ ವಿರಹವೂ ನೋವೂ ಇವೆ. ಆದರೆ ಪ್ರತಿಯೊಂದು ವಚನಕ್ಕೂ ಅಂಕಿತವುಂಟು. ಒಬ್ಬರು ಕೂಡಲಸಂಗಮದೇವನನ್ನು, ಒಬ್ಬರು ಚೆನ್ನಮಲ್ಲಿಕಾರ್ಜುನನನ್ನು ಕರೆದು ಹೇಳಿಕೊಂಡರು. ಭಾವವನ್ನು ಅವರು ಬಚ್ಚಿಡಲಿಲ್ಲ, ಬೀದಿಗೂ ಚೆಲ್ಲಲಿಲ್ಲ. ಕೇಳಬೇಕಾದವನ ಮುಂದೆ ಇಟ್ಟರು. ಹಾಗೆ ಇಡುವಾಗ ಅದಕ್ಕೆ ಸರಿಯಾದ ನುಡಿಯನ್ನು ಹುಡುಕಬೇಕಾಯಿತು. ನುಡಿಯನ್ನು ಹುಡುಕುವಷ್ಟರಲ್ಲಿಯೇ ಅರ್ಧ ಕುದಿತವು ಇಳಿಯುತ್ತದೆ.

ಶೂನ್ಯಸಂಪಾದನೆಯ ಎರಡು ಪ್ರಸಂಗಗಳು ಇಲ್ಲಿ ಸ್ಮರಣೀಯ. ಅಣ್ಣನಾದ ಅಜಗಣ್ಣನು ಲಿಂಗೈಕ್ಯನಾದಾಗ ಮುಕ್ತಾಯಕ್ಕನು ದುಃಖಿಸುತ್ತಿರುವಲ್ಲಿಗೆ ಅಲ್ಲಮಪ್ರಭುಗಳು ಬರುತ್ತಾರೆ. ಅಳಬೇಡವೆಂದು ಬಾಯಿ ಮುಚ್ಚಿಸಿ ಅವರು ಮುಂದೆ ಸಾಗಲಿಲ್ಲ. ನಿಂತು ಕೇಳಿದರು. ಆಕೆಯು ಉತ್ತರ ಕೊಟ್ಟಳು, ವಾದಿಸಿದಳು. ದುಃಖವೇ ಸಂವಾದವಾಯಿತು, ಸಂವಾದವೇ ಅನುಭಾವವಾಯಿತು. ಆಕೆಯ ವಚನಗಳ ಅಂಕಿತವು ಇಂದಿಗೂ ಅಣ್ಣನ ಹೆಸರನ್ನೇ ಹೊತ್ತಿದೆ. ದುಃಖವನ್ನು ಗೆಲ್ಲುವುದೆಂದರೆ ಮರೆಯುವುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇನ್ನೊಂದು ಸೊನ್ನಲಿಗೆಯ ಪ್ರಸಂಗ. ಕೆರೆಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಪ್ರಭುದೇವರು ಒಡ್ಡನೆಂದು ಕರೆದರು. ಅಲ್ಲಿದ್ದವರು ಕಲ್ಲೆಸೆದರು, ಸಿದ್ಧರಾಮರೂ ಉರಿಗೋಪ ತಾಳಿದರು. ಅಂತಹ ಪುಣ್ಯಕಾರ್ಯದಲ್ಲಿ ನಿರತರಾದವರ ಒಳಗೂ ಕಿಡಿಯು ಉಳಿದಿತ್ತು. ಪ್ರಭುಗಳು ಕೋಪಕ್ಕೆ ಕೋಪವನ್ನು ಕೊಡಲಿಲ್ಲ. ಸಿದ್ಧರಾಮರು ತಮ್ಮೊಳಗನ್ನು ತಾವು ಕಂಡು, ಅವರೊಡನೆ ಕಲ್ಯಾಣಕ್ಕೆ ಹೊರಟರು. ಒಳ್ಳೆಯ ಕೆಲಸವೊಂದೇ ಸಾಲದು, ಅಂತರಂಗಶುದ್ಧಿಯೂ ಬೇಕೆಂಬುದು ಇದರ ಪಾಠ.

ಮಹಾತ್ಮರ ಮಾತು ಹಾಗಿರಲಿ, ಗೃಹಸ್ಥನು ಮಾಡಬೇಕಾದುದೇನು? ಹೊಸದೇನನ್ನೂ ಹುಡುಕಬೇಕಾಗಿಲ್ಲ. ನಿತ್ಯದ ಆಚರಣೆಯಲ್ಲಿಯೇ ಮದ್ದು ಇದೆ. ಅದನ್ನು ಮದ್ದೆಂದು ತಿಳಿದು ಸೇವಿಸುವುದಿಲ್ಲ, ಅಷ್ಟೆ. ಬೆಳಿಗ್ಗೆ ಇಷ್ಟಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಂಡಾಗ ಅವಸರದಿಂದ ವಿಭೂತಿ ಹಚ್ಚಿ ಮುಗಿಸಬಾರದು. ದೃಷ್ಟಿಯನ್ನು ಲಿಂಗದಲ್ಲಿ ನಿಲ್ಲಿಸಿ, ಉಸಿರನ್ನು ನಿಧಾನವಾಗಿ ಬಿಡುತ್ತ, ನಿನ್ನೆಯಿಂದ ಉಳಿದ ಕಹಿಯೇನಾದರೂ ಇದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಅದರ ಹೆಸರು ಹೇಳಬೇಕು: ಇದು ಅವಮಾನ, ಇದು ಹೊಟ್ಟೆಕಿಚ್ಚು, ಇದು ಅಂಜಿಕೆ ಎಂದು. ಲಿಂಗದ ಮುಂದೆ ಮುಚ್ಚಿಡುವುದರಿಂದ ಯಾವ ಲಾಭವೂ ಇಲ್ಲ.

ಹಗಲಿನಲ್ಲಿ ಕೋಪವು ಏರುವಾಗ ಎದೆಬಡಿತ ಹೆಚ್ಚುತ್ತದೆ, ಉಸಿರು ಗಿಡ್ಡವಾಗುತ್ತದೆ, ಕೈ ಬಿಗಿಯುತ್ತದೆ. ಈ ಗುರುತು ಕಂಡೊಡನೆ ಮಾತನ್ನು ನಿಲ್ಲಿಸಿ, ಎದ್ದು ನಾಲ್ಕು ಹೆಜ್ಜೆ ನಡೆದು, ಮುಖಕ್ಕೆ ನೀರು ಹಾಕಿಕೊಂಡು, ಪಂಚಾಕ್ಷರಿಯನ್ನು ಉಸಿರಿನೊಡನೆ ಜಪಿಸಬೇಕು. ಬಳಿಕ ಹೇಳಬೇಕಾದುದಿದ್ದರೆ ಮೆಲ್ಲಗೆ ಹೇಳಬೇಕು. ಯಾರಿಂದ ನೋವಾಯಿತೋ ಅವರಿಗೇ ಹೇಳಬೇಕು, ಸಿಕ್ಕವರಿಗಲ್ಲ. ಊಟಕ್ಕೆ ಕುಳಿತಾಗ ಲೆಕ್ಕಪತ್ರದ ತಕರಾರನ್ನು ತೆಗೆಯಬಾರದು; ಲಿಂಗಕ್ಕೆ ಅರ್ಪಿಸಿದ ಪ್ರಸಾದವನ್ನು ಬೈಗುಳದೊಡನೆ ಉಣ್ಣುವುದು ಪ್ರಸಾದಕ್ಕೆ ಮಾಡಿದ ಅಪಚಾರ. ಕಾಯಕದಲ್ಲಿ ಮೈ ದಣಿಯಲಿ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ರೆ ಬರಲಿ. ನಿದ್ರೆಗೆಟ್ಟವನ ಸಹನೆಯು ಬೇಗ ಹರಿಯುತ್ತದೆ. ಇಷ್ಟರಿಂದಲೂ ಇಳಿಯದ ದುಃಖ ಅಥವಾ ಕೈಮೀರಿದ ಸಿಟ್ಟು ಇದ್ದರೆ, ಜ್ವರಕ್ಕೆ ವೈದ್ಯನ ಬಳಿಗೆ ಹೋಗುವಂತೆ ಮನೋವೈದ್ಯನ ಬಳಿಗೆ ಹೋಗುವುದರಲ್ಲಿ ನಾಚಿಕೆಯಿಲ್ಲ.

ಸಹನೆಗೂ ಅದುಮಿಕೆಗೂ ಇರುವ ಭೇದವನ್ನು ತಿಳಿಯುವುದು ಕಷ್ಟವಲ್ಲ. ನೋವನ್ನು ಕಣ್ಣಾರೆ ಕಂಡು, ತೂಗಿ, ಬಿಟ್ಟುಕೊಡುವುದು ಸಹನೆ. ಕಾಣದಂತೆ ಮುಚ್ಚಿಡುವುದು ಅದುಮಿಕೆ. ಎಂಟು ದಿನಗಳ ಮೇಲೆ ನೆನೆದಾಗ ಎದೆಯು ಉರಿಯದಿದ್ದರೆ ಅದು ಸಹನೆ. ಉರಿದರೆ ಅದು ಬೂದಿಯ ಕೆಳಗಿನ ಕೆಂಡ.

ಇಲ್ಲಿ ಮನೆಯ ಹಿರಿಯರ ಹೊಣೆಯೇ ಹೆಚ್ಚಿನದು. ಹಿರಿಯನು ಕೂಗಿದರೆ ಅಧಿಕಾರವೆನ್ನುವೆವು, ಕಿರಿಯಳು ಕೂಗಿದರೆ ಉದ್ಧಟತನವೆನ್ನುವೆವು. ಆಕೆಯ ಮೌನವನ್ನು ಸಹನೆಯೆಂದು ಹೊಗಳಿ ಇನ್ನಷ್ಟು ಮೌನವನ್ನು ಹೊರಿಸುವೆವು. ಅನುಭವಮಂಟಪದ ಸಂಪ್ರದಾಯವು ಹಾಗಿರಲಿಲ್ಲ. ಬೇರೆಬೇರೆ ಕಾಯಕದವರೂ ಸ್ತ್ರೀಯರೂ ಅಲ್ಲಿ ನುಡಿದರು; ಅಕ್ಕಿಯನ್ನು ಹೆಚ್ಚಾಗಿ ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮನು ತಿದ್ದಿದಳು, ಮಾರಯ್ಯನು ಕೇಳಿದನು. ವಚನಗಳನ್ನು ಪಾರಾಯಣ ಮಾಡುವ ಮನೆಯಲ್ಲಿ ಸೊಸೆಗೂ ಮಗುವಿಗೂ ಆಳಿಗೂ ತನ್ನ ಮನಸ್ಸಿನ ಮಾತನ್ನು ಹೇಳಲು ಒಂದು ಗಳಿಗೆ ಇರದಿದ್ದರೆ ಆ ಪಾರಾಯಣವು ಸದ್ದು ಮಾತ್ರ.

ಆದುದರಿಂದ ಆ ವರ್ತಕನು ಮೊದಲು ಕಲಿಯಬೇಕಾದುದು ಬಲು ಚಿಕ್ಕದು. ಅಂಗಡಿಯಿಂದ ಬಂದವನು ಕೈಕಾಲು ತೊಳೆದು, ಒಂದು ಗಳಿಗೆ ಲಿಂಗದ ಮುಂದೆ ಕುಳಿತು, ಅಲ್ಲಿಯ ಕಹಿಯನ್ನು ಅಲ್ಲಿಯೇ ಇಳಿಸಿ ಒಳಗೆ ಹೋಗಲಿ. ಉಂಡಾದ ಮೇಲೆ ಸೊಸೆಯನ್ನು ಕರೆದು, “ಏನವ್ವಾ, ನಿನ್ನ ಮನಸ್ಸಿನಲ್ಲಿ ಏನಿದೆ?” ಎಂದು ಕೇಳಲಿ. ಮೊದಲನೆಯ ದಿನ ಆಕೆಯು ಏನೂ ಇಲ್ಲವೆನ್ನುವಳು. ಎರಡನೆಯ ದಿನವೂ ಹಾಗೆಯೇ ಅನ್ನಬಹುದು. ಅವನು ಕೇಳುವುದನ್ನು ಬಿಡಬಾರದು, ಉತ್ತರ ಬರಲಿಲ್ಲವೆಂದು ಸಿಡುಕಲೂ ಬಾರದು. ಎಂದೋ ಒಂದು ದಿನ ಆಕೆಯು ಅಣ್ಣನನ್ನು ನೆನೆದು ಅತ್ತರೆ, ಅಳಬೇಡವೆನ್ನದೆ ಕುಳಿತು ಕೇಳಲಿ. ಮುಂದಿನ ಪಂಚಮಿಗೆ ತಾನೇ ಆಕೆಯನ್ನು ತವರಿಗೆ ಕಳುಹಿಸಿಕೊಡಲಿ. ಕೋಪವನ್ನು ಗೆದ್ದೆನೆಂದು ಅವನು ಅಂದು ಲಿಂಗದ ಮುಂದೆ ಹೇಳಿಕೊಳ್ಳಬೇಕಾಗಿಲ್ಲ; ಮನೆಯೇ ಹೇಳುತ್ತದೆ.