ಪಗಾರ ಹೆಚ್ಚೋ, ಸವಲತ್ತು ಹೆಚ್ಚೋ?

ಕಳೆದ ತಿಂಗಳು ನಾಡಹಬ್ಬದ ಲೆಕ್ಕಪತ್ರ ನೋಡಲೆಂದು ನಾವು ಏಳೆಂಟು ಮಂದಿ ಸಂಘದ ಕಚೇರಿಯಲ್ಲಿ ಸೇರಿದ್ದೆವು. ಲೆಕ್ಕ ಮುಗಿದು ಚಹ ಬರುವಷ್ಟರಲ್ಲಿ ನಮ್ಮ ಸದಸ್ಯೆಯೊಬ್ಬರ ಮಗ ತಾಯಿಯನ್ನು ಮನೆಗೆ ಕರೆದೊಯ್ಯಲು ಬಂದ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಒಂದು ಕಡೆ ದುಡಿದ ಹುಡುಗ. ಅವನಿಗೆ ಎರಡು ಕಂಪನಿಗಳಿಂದ ಕೆಲಸದ ಪತ್ರ ಬಂದಿತ್ತಂತೆ. ಮೊಬೈಲಿನಲ್ಲೇ ಎರಡನ್ನೂ ತೋರಿಸಿದ. ಒಂದರಲ್ಲಿ ತಿಂಗಳಿಗೆ 70,000 ರೂಪಾಯಿ. ಆದರೆ ನೌಕರನೆಂದಲ್ಲ, ಸಲಹೆಗಾರನೆಂಬ ಹೆಸರಿನಲ್ಲಿ ಒಂದು ವರ್ಷದ ಕರಾರು, ಬೇರೇನೂ ಇಲ್ಲ. ಇನ್ನೊಂದರಲ್ಲಿ ಕೈಗೆ 48,000. ಜೊತೆಗೆ ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ, ತಂದೆತಾಯಿಗಳಿಗೂ ಸೇರಿದ ಆಸ್ಪತ್ರೆಯ ವಿಮೆ.

"ಅಂಕಲ್, ನೀವಾದ್ರೆ ಯಾವುದಕ್ಕೆ ಹೋಗ್ತೀರಿ?" ಎಂದು ಕೇಳಿದ.

ಹೋಟೆಲು ನಡೆಸುವ ಹಿರಿಯರೊಬ್ಬರು ತಡಮಾಡಲಿಲ್ಲ. "ಕೈಗೆ ಬಂದದ್ದು ಲೆಕ್ಕ ಮಾರಾಯಾ, ಮಿಕ್ಕದ್ದೆಲ್ಲ ಬರೀ ಕಾಗದ." ಬ್ಯಾಂಕಿನಿಂದ ನಿವೃತ್ತರಾದ ಇನ್ನೊಬ್ಬರು ಕನ್ನಡಕ ತೆಗೆದು, "ನಾನು ಈಗ ಉಣ್ಣುತ್ತಿರುವುದು ಆ ಕಾಗದದ ಮೇಲಿಂದಲೇ" ಎಂದರು. ಚಹ ಆರುವವರೆಗೂ ಚರ್ಚೆ ನಡೆಯಿತು. ನಾನು ಹೆಚ್ಚು ಮಾತಾಡಲಿಲ್ಲ. ಈ ಪ್ರಶ್ನೆಗೆ ನಾನು 1978ರಲ್ಲಿ ಒಮ್ಮೆ ಉತ್ತರ ಕೊಟ್ಟಿದ್ದೆ. ಆ ಉತ್ತರ ಸರಿಯೋ ತಪ್ಪೋ ಎಂಬುದು ಇಂದಿಗೂ ನನಗೆ ಪೂರ್ತಿಯಾಗಿ ಬಗೆಹರಿದಿಲ್ಲ.

ನಮ್ಮಂಥ ವಲಸಿಗರಿಗೆ ಈ ಪ್ರಶ್ನೆ ಊರಿನವರಿಗೆ ಇರುವಂತಲ್ಲ. ಹೆಣ್ಣು ಕೊಡುವಾಗ ಊರಿನವರು "ಹುಡುಗನಿಗೆ ಪಗಾರ ಎಷ್ಟು?" ಎನ್ನುತ್ತಿದ್ದರು. ಮುಂಬಯಿಯಲ್ಲಿ ಹತ್ತು ವರ್ಷ ಕಳೆದವರು ಕೇಳುತ್ತಿದ್ದುದು ಬೇರೆ: "ಖಾಯಂ ಆಗಿದೆಯೋ? ಕ್ವಾರ್ಟರ್ಸ್ ಇದೆಯೋ?" ಈ ಎರಡು ಪ್ರಶ್ನೆಗಳ ನಡುವೆ ಒಂದು ಇಡೀ ಜೀವನದ ಅನುಭವವಿದೆ. ಪಗಾರ ಎಂಬುದು ನಮ್ಮ ಕೈಗೆ ಬಂದರೂ ನಮ್ಮದೊಬ್ಬರದೇ ಆಗಿರಲಿಲ್ಲ. ಮೊದಲನೆಯ ವಾರದಲ್ಲೇ ಮನಿಯಾರ್ಡರ್ ಹೋಗಬೇಕು. ತಂದೆಯ ಸಾಲ, ತಮ್ಮನ ಫೀಸು, ಮನೆಯ ಹಂಚು ಹೊದಿಸುವ ಖರ್ಚು. ಪಗಾರ ಏರಿದ ಸುದ್ದಿ ನಮಗಿಂತ ಮೊದಲು ಊರಿಗೆ ಮುಟ್ಟುತ್ತಿತ್ತೇನೋ ಎಂಬಂತೆ, ಮುಂದಿನ ಕಾಗದದಲ್ಲಿ ಒಂದು ಹೊಸ ಅಗತ್ಯ ಬಂದಿರುತ್ತಿತ್ತು. ಇದನ್ನು ದೂರೆಂದು ಹೇಳುತ್ತಿಲ್ಲ. ಆ ಮನಿಯಾರ್ಡರಿಗಾಗಿಯೇ ನಾವು ಊರು ಬಿಟ್ಟವರು. ಆದರೆ ಕಂಪನಿಯ ಡಾಕ್ಟರನ್ನು, ಕ್ಯಾಂಟೀನಿನ ಊಟವನ್ನು ಮನಿಯಾರ್ಡರ್ ಮಾಡಲಾಗುತ್ತಿರಲಿಲ್ಲ. ಪಗಾರ ಊರಿನದು, ಸವಲತ್ತು ನಮ್ಮದು ಎಂಬಂತಿತ್ತು ವ್ಯವಸ್ಥೆ.

ನಾನು ಆಗ ಠಾಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಮೂಲವೇತನ, ತುಟ್ಟಿಭತ್ಯೆ ಎಲ್ಲ ಸೇರಿ 610 ರೂಪಾಯಿ. ಮಧ್ಯಾಹ್ನದ ಊಟ 25 ಪೈಸೆಯ ಕೂಪನ್ನಿಗೆ. ಕಾಯಿಲೆಯಾದರೆ ಕಂಪನಿಯ ದವಾಖಾನೆ. ಮಸ್ಜಿದ್ ಬಂದರಿನ ಒಂದು ಪೇಢಿಯಲ್ಲಿ 900 ರೂಪಾಯಿಗೆ ಕೆಲಸ ಸಿಗುತ್ತದೆಂದಾಗ ನಾನು ಎರಡು ರಾತ್ರಿ ಯೋಚಿಸಿ ಹೊರಟುಬಿಟ್ಟೆ. ಪೇಢಿಯಲ್ಲಿ ನಾವಿದ್ದುದು ಹನ್ನೊಂದು ಜನ. ಇಪ್ಪತ್ತು ಜನರಿಗಿಂತ ಕಡಿಮೆ ಇದ್ದಲ್ಲಿಗೆ ಪ್ರಾವಿಡೆಂಟ್ ಫಂಡಿನ ಕಾಯ್ದೆ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕೂಡಿದ್ದ ಫಂಡಿನ ಹಣವನ್ನೂ ಬಿಡಿಸಿಕೊಂಡೆ. ತಂಗಿ ಧಾರವಾಡದಲ್ಲಿ ಬಿ.ಎಡ್.ಗೆ ಸೇರುವುದಿತ್ತು.

ಕ್ಯಾಂಟೀನಿನ ಊಟ ಹೋದದ್ದರಿಂದ ತಿಂಗಳಿಗೆ ಎಷ್ಟು ನಷ್ಟ ಎಂಬುದನ್ನು ನಾನು ಲೆಕ್ಕ ಹಾಕಿರಲಿಲ್ಲ. ಅದು ಸಣ್ಣದು, ಬಿಡಿ. 1983ರಲ್ಲಿ ನನ್ನ ಹೆಂಡತಿಗೆ ಎರಡನೆಯ ಹೆರಿಗೆ ಕಷ್ಟವಾಗಿ ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಹೋಗದ ದಿನಗಳ ಪಗಾರ ಪೇಢಿಯಲ್ಲಿ ಕಡಿತವಾಯಿತು. ಬಳೆಗಳು ಹೋದವು. ಹಳೆಯ ಕಾರ್ಖಾನೆಯ ಸಹೋದ್ಯೋಗಿಯೊಬ್ಬರು ನೋಡಲು ಬಂದಾಗ ಅವರ ಮುಖವನ್ನು ನೋಡಲು ನನಗೆ ಸಂಕೋಚವಾಯಿತು. ಅವರು ಏನೂ ಅನ್ನಲಿಲ್ಲ. ಬಿಲ್ಲಿನ ಕಡೆ ಮಾತ್ರ ಒಮ್ಮೆ ನೋಡಿದರು.

ಹಾಗಾದರೆ ತಪ್ಪು ಮಾಡಿದೆನೆ? ತಂಗಿ ಬಿ.ಎಡ್. ಮುಗಿಸಿ 1981ರಲ್ಲಿ ಸರಕಾರಿ ಹೈಸ್ಕೂಲಿಗೆ ಸೇರಿದಳು. ಮೂವತ್ತು ವರ್ಷಕ್ಕೂ ಮೇಲೆ ಸೇವೆ ಮಾಡಿ ಇಂದು ಪಿಂಚಣಿ ಪಡೆಯುತ್ತಾಳೆ. ನನ್ನ ಆ 290 ರೂಪಾಯಿಯ ಹೆಚ್ಚಿನ ಪಗಾರ ಅವಳ ಮನೆಯಲ್ಲಿ ಪಿಂಚಣಿಯಾಗಿ ಕುಳಿತಿದೆ ಎಂದು ನಾನು ತಮಾಷೆ ಮಾಡುವುದುಂಟು. ನನ್ನ ಹೆಂಡತಿ ಆ ತಮಾಷೆಗೆ ನಗುವುದಿಲ್ಲ. ಅವಳು ನಗದಿರುವುದೂ ನ್ಯಾಯವೇ.

ಇನ್ನು ನನ್ನ ಸೋದರಮಾವನ ಕಥೆ. ಅವರು ಹದಿಮೂರನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಬಂದು ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದವರು. ಊಟ, ವಸತಿ, ಮತ್ತು ಹೆಸರಿಗೆ ಒಂದಷ್ಟು ಪಗಾರ. ವಸತಿಯೆಂದರೆ ರಾತ್ರಿ ಬಾಗಿಲು ಹಾಕಿದ ಮೇಲೆ ಜೋಡಿಸಿದ ಮೇಜುಗಳು. ಆದರೆ ಧಣಿ ಒಳ್ಳೆಯವರು. ಸಂಜೆ ಆರೂವರೆಗೆ ಮಾಣಿಗಳನ್ನು ಕನ್ನಡ ರಾತ್ರಿಶಾಲೆಗೆ ಬಿಡುತ್ತಿದ್ದರು, ಮಾವ ಎಸ್.ಎಸ್.ಸಿ. ಓದಿದ್ದು ಹಾಗೆ. ಎರಡು ವರ್ಷಕ್ಕೊಮ್ಮೆ ಊರಿಗೆ ಟಿಕೇಟು, ಚೌತಿಗೆ ಬಟ್ಟೆ, ಅಕ್ಕನ ಮದುವೆಗೆ ಕೇಳದೆಯೇ ಹಣ. "ನಿನ್ನ ಪಗಾರ ನನ್ನ ಹತ್ತಿರವೇ ಇರಲಿ, ಬೇಕಾದಾಗ ಕೇಳು" ಎನ್ನುತ್ತಿದ್ದರಂತೆ. ಮಾವ ಇಪ್ಪತ್ತೆರಡು ವರ್ಷ ಹಾಗೆಯೇ ಇದ್ದರು. ಧಣಿ ತೀರಿಕೊಂಡರು, ಮಕ್ಕಳು ಹೋಟೆಲು ಮಾರಿದರು. ತಂದೆ ಬಾಯಲ್ಲಿ ಹೇಳಿದ್ದನ್ನು ಮಕ್ಕಳು ಯಾವ ಪುಸ್ತಕದಲ್ಲಿ ನೋಡಬೇಕು? ಮಾವ ಒಂದು ಟ್ರಂಕಿನೊಂದಿಗೆ ನಮ್ಮ ಖೋಲಿಗೆ ಬಂದರು. ಕೊನೆಯವರೆಗೂ ಧಣಿಯ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನನಗೆ ಮಾತ್ರ ಆ ಟ್ರಂಕು ಕಣ್ಣಿನಿಂದ ಹೋಗಿಲ್ಲ.

ಮಾವನಿಗೆ ಸಿಕ್ಕಿದ್ದು ಸವಲತ್ತಲ್ಲವೆ? ಹೌದು, ಬೇರೆಯವರಿಗೆ ಸಿಗದಷ್ಟು ಸಿಕ್ಕಿತು. ಆದರೆ ಅದು ದಯೆ. ದಯೆ ಕೊಡುವವನೊಂದಿಗೆ ತೀರಿಹೋಗುತ್ತದೆ, ಹಕ್ಕು ಉಳಿಯುತ್ತದೆ. ನಮ್ಮ ದೇಶದಲ್ಲಿ ಸವಲತ್ತಿನ ಇತಿಹಾಸವೆಂದರೆ ದಯೆಯು ನಿಧಾನವಾಗಿ ಹಕ್ಕಾದ ಇತಿಹಾಸವೇ. ಜಮ್‌ಶೆಟ್‌ಜಿ ಟಾಟಾ ಅವರು ನಾಗಪುರದಲ್ಲಿ 1877ರಲ್ಲಿ ಎಂಪ್ರೆಸ್ ಗಿರಣಿ ತೆರೆದಾಗ ಕೆಲಸಗಾರರು ಹೇಳದೆ ಕೇಳದೆ ಗೈರುಹಾಜರಾಗುವುದೇ ದೊಡ್ಡ ತಲೆನೋವಾಗಿತ್ತು. ಅವರು 1886ರಲ್ಲಿ ಪಿಂಚಣಿ ನಿಧಿಯನ್ನೂ 1895ರಲ್ಲಿ ಅಪಘಾತಕ್ಕೆ ಪರಿಹಾರವನ್ನೂ ಏರ್ಪಡಿಸಿದರು. ಯಾವ ಕಾಯ್ದೆಯೂ ಹಾಗೆ ಮಾಡೆಂದಿರಲಿಲ್ಲ. ಅಪಘಾತ ಪರಿಹಾರದ ಕಾಯ್ದೆ ಬಂದದ್ದು 1923ರಲ್ಲಿ. ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲಿ ಎಂಟು ಗಂಟೆಯ ದುಡಿಮೆ, 1915ರಲ್ಲಿ ಉಚಿತ ವೈದ್ಯೋಪಚಾರ, 1920ರಲ್ಲಿ ಪ್ರಾವಿಡೆಂಟ್ ಫಂಡು ಬಂದವು. ದೇಶದ ಉಳಿದ ಕಾರ್ಮಿಕರು ಫಂಡಿಗೆ 1952ರವರೆಗೆ, ಗ್ರಾಚ್ಯುಯಿಟಿಯ ಹಕ್ಕಿಗೆ 1972ರವರೆಗೆ ಕಾಯಬೇಕಾಯಿತು.

ಆದರೆ ಇಷ್ಟೆಲ್ಲ ಇದ್ದ ಜಮ್‌ಷೆಡ್‌ಪುರದಲ್ಲೇ 1920ರಲ್ಲೂ 1928ರಲ್ಲೂ ಮುಷ್ಕರಗಳಾದವು ಎಂಬುದನ್ನು ಮರೆಯಬಾರದು. ಆಸ್ಪತ್ರೆ ಎಷ್ಟೇ ಚೆನ್ನಾಗಿರಲಿ, ಅಕ್ಕಿಯ ಬೆಲೆ ಏರಿದಾಗ ಬೇಕಾಗುವುದು ಹಣ. ನಮ್ಮದೇ ಮುಂಬಯಿಯಲ್ಲಿ 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಿದ್ದಾಗ ಪಗಾರದ ಜೊತೆಗೇ ರಜೆ, ಮನೆಬಾಡಿಗೆ ಭತ್ಯೆ, ಬದಲಿ ಕಾರ್ಮಿಕರನ್ನು ಖಾಯಂ ಮಾಡುವ ಬೇಡಿಕೆಗಳೂ ಇದ್ದವು. ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಇಂದು ಯಾರಾದರೂ ಗೈರುಹಾಜರಾಗಲಿ ಎಂದು ಹಾರೈಸಬೇಕಾದ ಬದಲಿಯವನಿಗೆ ಪಗಾರ, ಸವಲತ್ತು ಎಂಬ ಭೇದವೇ ಇರಲಿಲ್ಲ. ಅವನಿಗೆ ನಾಳೆ ಇದೆಯೋ ಎಂಬುದೇ ಪ್ರಶ್ನೆ. ಇಂದು ನಮ್ಮ ಮನೆಬಾಗಿಲಿಗೆ ಊಟದ ಪೊಟ್ಟಣ ತರುವ ಬೈಕಿನ ಹುಡುಗರನ್ನು ನೋಡಿದಾಗ ನನಗೆ ಆ ಬದಲಿಯವರ ನೆನಪಾಗುತ್ತದೆ.

ಸವಲತ್ತಿನ ಇನ್ನೊಂದು ಮುಖವನ್ನೂ ಹೇಳಬೇಕು. ಸವಲತ್ತು ಕೊಡುವವನು ನಮ್ಮ ಪರವಾಗಿ ತಾನೇ ಯೋಚಿಸಿರುತ್ತಾನೆ: ಇವನಿಗೆ ಹಣ ಕೊಟ್ಟರೆ ಹಾಳುಮಾಡುತ್ತಾನೆ, ಆದ್ದರಿಂದ ಔಷಧ ಕೊಡೋಣ ಎಂದು. ಇದರಲ್ಲಿ ಹಿತವೂ ಇದೆ, ಅಪನಂಬಿಕೆಯೂ ಇದೆ. ಅಪನಂಬಿಕೆಗೆ ನಾವು ತಕ್ಕ ಉತ್ತರವನ್ನೇ ಕೊಟ್ಟೆವೆನ್ನಿ! ಕಾರ್ಖಾನೆಯಲ್ಲಿ ವರ್ಷಕ್ಕಿಷ್ಟು ಎಂದು ಔಷಧದ ಖರ್ಚು ಮರಳಿ ಕೊಡುತ್ತಿದ್ದರು. ಸ್ಟೇಷನ್ನಿನ ಹತ್ತಿರದ ಔಷಧದಂಗಡಿಯವನು ಸಾಬೂನು, ಮುಖದ ಪೌಡರು ಕೊಂಡರೂ ಟಾನಿಕ್ಕಿನ ಬಿಲ್ಲು ಬರೆದುಕೊಡುತ್ತಿದ್ದ. ನಾನೂ ತಂದಿದ್ದೇನೆ, ಎರಡು ಸಲ. ನಮಗೆ ಬೇಕಾದದ್ದು ಹಣವೇ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಆದರೆ ಅದೇ ಸುಳ್ಳು ಬಿಲ್ಲು ಕೊಟ್ಟವರೇ ನಿಜವಾಗಿ ಕಾಯಿಲೆ ಬಿದ್ದ ವರ್ಷ, ಈ ಸವಲತ್ತನ್ನು ಇನ್ನೂ ಹೆಚ್ಚಿಸಬೇಕೆಂದು ಯೂನಿಯನ್ನಿನಲ್ಲಿ ಮೇಜು ಕುಟ್ಟಿದ್ದನ್ನೂ ಕಂಡಿದ್ದೇನೆ. ಮನುಷ್ಯ ಆರೋಗ್ಯದಲ್ಲಿದ್ದಾಗ ಒಬ್ಬ, ಹಾಸಿಗೆ ಹಿಡಿದಾಗ ಇನ್ನೊಬ್ಬ.

ಮನೆಯ ಸವಲತ್ತಂತೂ ಎಲ್ಲಕ್ಕಿಂತ ಗಟ್ಟಿಯಾದ ಕಟ್ಟು. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ನಾಲ್ಕು ತಲೆಮಾರುಗಳು ಕಂಪನಿಯ ಮನೆಗಳಲ್ಲೇ ಹುಟ್ಟಿ ಬೆಳೆದವು. ಆಸ್ಪತ್ರೆ, ಶಾಲೆ, ಆಟದ ಮೈದಾನ ಎಲ್ಲ ಗಣಿಯದೇ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಪಗಾರದ ಜೊತೆಗೆ ಕಾಲ ಕೆಳಗಿನ ನೆಲವೂ ಅಲ್ಲಾಡಿತು. ವಾಸವಿದ್ದ ಮನೆಯ ಹಕ್ಕಿಗಾಗಿಯೇ ಆ ಕುಟುಂಬಗಳು ವರ್ಷಗಟ್ಟಲೆ ಕೇಳಿಕೊಳ್ಳಬೇಕಾಯಿತು. ಮುಂಬಯಿಯಲ್ಲೂ ಮೂವತ್ತು ವರ್ಷ ಕ್ವಾರ್ಟರ್ಸಿನಲ್ಲಿದ್ದು, ನಿವೃತ್ತಿಯ ಮರುತಿಂಗಳು ವಿರಾರಿನ ಆಚೆ ಮನೆ ಹುಡುಕಿಕೊಂಡು ಹೋದ ಎಷ್ಟು ಮಂದಿ ನಮ್ಮವರಿಲ್ಲ! ಚಾಳಿನಲ್ಲಿ ಒದ್ದಾಡಿದವನು ಹೇಗೋ ಪಗಡಿ ಕೊಟ್ಟಾದರೂ ಒಂದು ಖೋಲಿ ಮಾಡಿಕೊಂಡಿದ್ದ.

ಆದ್ದರಿಂದ ಪಗಾರವೋ ಸವಲತ್ತೋ ಎಂದು ತಕ್ಕಡಿ ಹಿಡಿಯುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಗೇಟು ದಾಟಿ ಹೊರಗೆ ಬಂದ ದಿನ ನನ್ನೊಂದಿಗೆ ಬರುವುದೆಷ್ಟು? ಪ್ರಾವಿಡೆಂಟ್ ಫಂಡು ಬರುತ್ತದೆ, ಗ್ರಾಚ್ಯುಯಿಟಿ ಬರುತ್ತದೆ. ಇವು ಮಾಲೀಕನ ಉಡುಗೊರೆಯಲ್ಲ. ದುಡಿದ ದಿನವೇ ಹುಟ್ಟಿ, ಕೈಗೆ ತಡವಾಗಿ ಬರುವ ಪಗಾರವೇ. ಇಂದಿನ ಕಂಪನಿಗಳು ಕೂಡ ಇದನ್ನು ಒಪ್ಪಿಕೊಂಡಂತಿದೆ. ಸಿ.ಟಿ.ಸಿ. ಎಂಬ ದೊಡ್ಡ ಅಂಕಿ ತೋರಿಸುವಾಗ ತಾವು ಫಂಡಿಗೆ ಕಟ್ಟುವ ಪಾಲನ್ನೂ ಗ್ರಾಚ್ಯುಯಿಟಿಯನ್ನೂ ಅದರಲ್ಲಿ ಸೇರಿಸಿಯೇ ಬರೆಯುತ್ತಾರೆ. ಹಾಗೆ ಬರೆದು, ಇನ್ನೊಂದು ಕಡೆ ಮೂಲವೇತನವನ್ನು ಚಿಕ್ಕದು ಮಾಡಿ ಭತ್ಯೆಗಳನ್ನು ಉಬ್ಬಿಸಿ, ಆ ಪಾಲನ್ನು ಕಡಿಮೆ ಮಾಡುವ ಜಾಣತನವೂ ಬಹುಕಾಲ ನಡೆಯಿತು. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ್ದನ್ನೂ ವೇತನವೆಂದೇ ಎಣಿಸಬೇಕೆಂಬ ನಿಯಮ, 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳೊಂದಿಗೆ ಬಂತು.

ಕ್ಯಾಂಟೀನು, ಕ್ವಾರ್ಟರ್ಸ್, ಬಸ್ಸು, ಧಣಿಯ ಒಳ್ಳೆಯ ಮನಸ್ಸು ಇವು ಗೇಟಿನೊಳಗೇ ಉಳಿಯುತ್ತವೆ. ಬೇಡವೆನ್ನುತ್ತಿಲ್ಲ, ಇದ್ದಷ್ಟು ದಿನ ಸುಖವೇ. ಅವನ್ನು ನೆಚ್ಚಿ ಪಗಾರದಲ್ಲಿ ಸೋಲಬಾರದು ಅಷ್ಟೆ. ಹಾಗೆಯೇ ಗೇಟು ದಾಟಿ ಬರುವುದನ್ನು ಬಿಟ್ಟುಕೊಟ್ಟು ಪಗಾರಕ್ಕೆ ಮರುಳಾಗುವಾಗ, ಆ ಹೆಚ್ಚಿನ ಹಣ ಎಲ್ಲಿಗೆ ಹೋಗಲಿದೆ ಎಂದು ನಿಜವಾಗಿ ಕೇಳಿಕೊಳ್ಳಬೇಕು. ನನ್ನದು ತಂಗಿಯ ಓದಿಗೆ ಹೋಯಿತು. ಹೆಂಡತಿಯನ್ನು ಕೇಳದೆ ಹೋಯಿತು. ಇಂದು ಯೋಚಿಸಿದರೆ, ನಾನು ತಪ್ಪಿದ್ದರೆ ಅಲ್ಲಿ ತಪ್ಪಿದೆ ಅನಿಸುತ್ತದೆ. ಸವಲತ್ತು ನನ್ನೊಬ್ಬನದಾಗಿರಲಿಲ್ಲ, ಕಂಪನಿಯ ದವಾಖಾನೆಯಲ್ಲಿ ಅವಳ ಹೆಸರೂ ಇತ್ತು.

ಅಂದು ಸಂಘದ ಕಚೇರಿಯಲ್ಲಿ ಇಷ್ಟನ್ನೆಲ್ಲ ಹೇಳಲಾಗಲಿಲ್ಲ. 70,000ದಲ್ಲಿ ತಾನೇ ವಿಮೆ ಮಾಡಿಸಿ, ತಾನೇ ಉಳಿತಾಯ ಮಾಡಿದರೆ ಆಗದೆ ಎಂದು ಹುಡುಗ ಕೇಳಿದ. ಆಗಬಹುದು, ಲೆಕ್ಕದಲ್ಲಿ ಆಗಿಯೇ ಆಗುತ್ತದೆ. ಬ್ಯಾಂಕಿನವರು, "ವಯಸ್ಸಾದ ತಂದೆತಾಯಿಗಳಿಗೆ ಹೊರಗೆ ವಿಮೆ ಮಾಡಿಸಲು ಎಷ್ಟು ಬೀಳುತ್ತದೆ, ಒಮ್ಮೆ ವಿಚಾರಿಸಿ ನೋಡು" ಎಂದರು. ಹೋಟೆಲಿನವರು ತಮ್ಮ ಪಟ್ಟು ಬಿಡಲಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗನ ತಾಯಿ ಚೀಲ ಹೆಗಲಿಗೇರಿಸುತ್ತ, "ಅದೆಲ್ಲ ಇರಲಿ, ಚೌತಿಗೆ ಊರಿಗೆ ಹೋಗಲಿಕ್ಕೆ ಯಾವುದರಲ್ಲಿ ರಜೆ ಕೊಡ್ತಾರೆ ಮಗಾ?" ಎಂದರು. ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಹುಡುಗ ಮೊಬೈಲು ತೆಗೆದು ಪತ್ರವನ್ನು ಮತ್ತೆ ಮೊದಲಿನಿಂದ ಓದತೊಡಗಿದ.